ಗೌರಿಬಿದನೂರು: ಪಿನಾಕಿನಿ ದಡದಲ್ಲಿ ಮಳೆಗೆ ಮುಳುಗೋ ಪಾರ್ಕ್ ಮಾಡಬಹುದಾ?

ಹಿತ್ತಲಬಾಗಿಲು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮ ಮನೆ ಗೌರಿಬಿದನೂರಿನಲ್ಲಿ, ಹೊಳೆ ಕಡೆಗೆ ಇಳಿಯುವ ಒಂದು ಬೀದಿಯಲ್ಲಿದೆ. 2021ರ ನವೆಂಬರ್ ಮಳೆ ಯಾರಿಗೆ ನೆನಪಿಲ್ಲ ಹೇಳಿ. ಆ ರಾತ್ರಿ ನಮ್ಮ ಮನೆಗೆ ನೀರು ಬಾಗಿಲಿನಿಂದ ಬರಲಿಲ್ಲ, ಬಚ್ಚಲಿನ ತೂತಿನಿಂದ ಬಂತು. ಮೊದಲು ಗುಳುಗುಳು ಸದ್ದು. ಆಮೇಲೆ ಕಪ್ಪು ನೀರು, ಅದರ ಜೊತೆ ಯಾರದೋ ಮನೆಯ ಶಾಂಪೂ ಕವರ್. ಅಮ್ಮ ಗುಂಡುಕಲ್ಲು ತಂದು ತೂತಿನ ಮೇಲೆ ಇಟ್ಟರು. ನೀರು ಕಲ್ಲಿನ ಸುತ್ತ ಉಕ್ಕಿತು. ರಾಗಿ ಮೂಟೆ ಮಂಚದ ಮೇಲೆ, ನಾವೆಲ್ಲ ಮಹಡಿ ಮೆಟ್ಟಿಲ ಮೇಲೆ. ಬೆಳಗಾಗುವವರೆಗೂ ಹಾಗೇ ಕೂತಿದ್ದೆವು.

ಈಗ ಬೀದಿಯವರೆಲ್ಲ ಸೇರಿ ಹೊಳೆ ದಡದಲ್ಲಿ ಪಾರ್ಕ್ ಬೇಕು ಅಂತ ಅರ್ಜಿ ಬರೆಯುತ್ತಿದ್ದಾರೆ. ಕರಡು ನೋಡಿದೆ. ತಡೆಗೋಡೆ, ಇಂಟರ್‌ಲಾಕ್ ಟೈಲ್ಸ್, ಓಪನ್ ಜಿಮ್, ಕಾರಂಜಿ. ನನಗೆ ಅನಿಸಿದ್ದು ಬೇರೆ. ದಡದ ಜಾಗವನ್ನು ರಸ್ತೆಗಿಂತ ತಗ್ಗು ಮಾಡಿ, ಮಳೆ ಬಂದಾಗ ಅದೇ ಮುಳುಗಿ, ಮನೆಗಳು ಉಳಿಯುವ ಹಾಗೆ ಮಾಡಬಹುದಲ್ವಾ? ಸಿಂಗಪುರದಲ್ಲಿ ಹೀಗೆ ಮಾಡಿದ್ದಾರೆ ಅಂತ ಓದಿದೆ. ತಿಳಿದವರು ಹೇಳಿ. ಬೈಯುವವರೂ ಬೈಯಿರಿ.

ಬಿಸಿಲೂರು:
ನದಿ ಎಲ್ಲಿದೆ ಸ್ವಾಮಿ? ನಾನು ನೋಡೋದು ಬರೀ ಜಾಲಿ ಕಾಡು.

ಮಂಚೇನಹಳ್ಳಿ ಮಾವ:
@ಬಿಸಿಲೂರು ನಿಮ್ಮ ವಯಸ್ಸೆಷ್ಟು? 2021, 2022ರಲ್ಲಿ ಊರಲ್ಲಿ ಇರಲಿಲ್ವಾ? ಹರಿಯುವ ನೀರು ನೋಡೋಕೆ ಜನ ಸೇತುವೆ ಮೇಲೆ ಜಾತ್ರೆ ಥರ ನಿಂತಿದ್ದರು. ನಮ್ಮಮ್ಮ ಅರಿಶಿನ ಕುಂಕುಮ ಹಾಕಿ ಕೈ ಮುಗಿದರು.

ಬಿಸಿಲೂರು:
ನೋಡಿದ್ದೆ ಮಾವ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬರುವ ನೆಂಟನಿಗೆ ಅಂತ ಮನೆ ಕಟ್ಟಿಸ್ತೀರಾ ಅಂತ ಕೇಳಿದೆ ಅಷ್ಟೇ.

ನೀರುಗಂಟಿ ಮೊಮ್ಮಗ:
ಎಡವಟ್ಟು ಆಗುವುದೇ ಅಲ್ಲಿ. ವರ್ಷಾ ವರ್ಷಾ ಬರುವ ನೀರಿಗೆ ಯಾರೂ ಅಡ್ಡ ಮನೆ ಕಟ್ಟಲ್ಲ. ಅಪರೂಪಕ್ಕೆ ಬರುವ ನೀರಿನ ದಾರಿಯಲ್ಲೇ ಕಟ್ಟುವುದು. ನಮ್ಮ ತಾತ ಊರ ಕೆರೆಯ ನೀರುಗಂಟಿ ಆಗಿದ್ದರು, ಅಂದರೆ ಕೆರೆ ನೋಡಿಕೊಂಡು ನೀರು ಬಿಡುವವರು. ಕೆರೆ ತುಂಬಿ ಹೊರಬಿದ್ದ ನೀರು ಹರಿಯುವ ಕೋಡಿ ಹಳ್ಳದಲ್ಲಿ ಒಬ್ಬರಿಗೂ ಹುಲ್ಲು ಬಣವೆ ಹಾಕಲು ಬಿಡುತ್ತಿರಲಿಲ್ಲ. "ಇಪ್ಪತ್ತು ವರ್ಷದಿಂದ ಕೋಡಿ ಬಿದ್ದಿಲ್ಲ, ಬಿಡಯ್ಯ" ಅಂದವರಿಗೆ ಬೈದು ಕಳಿಸುತ್ತಿದ್ದರು. ತಾತ ಹೋದರು, ಕೆಲಸವೂ ಹೋಯಿತು. ಈಗ ಅದೇ ಹಳ್ಳದಲ್ಲಿ ಮೂರು ಮನೆ, ಒಂದು ಕಲ್ಯಾಣ ಮಂಟಪ.

ಅರ್ಧ ಕಾಫಿ:
ಹೊಸಕೋಟೆ ಹತ್ತಿರ ಇದೇ ಪಿನಾಕಿನಿ ನೋಡಿದ್ದೀನಿ. ತಮಿಳುನಾಡಿಗೆ ಹೋಗುತ್ತದೆ. ಅಲ್ಲಿ ನೀರೆಲ್ಲ ನೊರೆ. ಪಾರ್ಕ್ ಮಾಡಿದರೆ ನೊರೆ ಪಾರ್ಕ್ ಆಗುತ್ತದೆ ಅಷ್ಟೇ.

ಮಂಚೇನಹಳ್ಳಿ ಮಾವ:
ಅದು ದಕ್ಷಿಣ ಪಿನಾಕಿನಿ. ಹೊಸೂರಿನ ಮೇಲೆ ಹೋಗಿ ಕಡಲೂರಿನ ಹತ್ತಿರ ಸಮುದ್ರ ಸೇರುವುದು. ನಮ್ಮದು ಉತ್ತರ ಪಿನಾಕಿನಿ. ಹಿಂದೂಪುರದ ಕಡೆ ಆಂಧ್ರಕ್ಕೆ ಹೋಗಿ ಪೆನ್ನಾ ಆಗಿ ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ. ಎರಡೂ ನಂದಿ ಬೆಟ್ಟದ ಸಾಲಿನಲ್ಲೇ ಹುಟ್ಟುತ್ತವೆ, ಅದಕ್ಕೇ ಜನಕ್ಕೆ ಗೊಂದಲ.

ಅರ್ಧ ಕಾಫಿ:
ಸರಿ ಸರಿ, ತಿದ್ದಿಕೊಂಡೆ. ಶಾಲೆಯಲ್ಲಿ ಮೇಷ್ಟ್ರು ಸರಿಯಾಗಿ ಹೇಳಿಕೊಟ್ಟಿರಲಿಲ್ಲ. (ನಾನು ಕೇಳಿಸಿಕೊಂಡಿರಲಿಲ್ಲ.)

ಲೆವೆಲ್ ಮಿಷನ್:
ನಾನು ಸಿವಿಲ್ ಎಂಜಿನಿಯರ್. ಚರಂಡಿ ಕೆಲಸವನ್ನೇ ಜಾಸ್ತಿ ಮಾಡಿರುವುದು. ಲೆಕ್ಕ ಹಾಕಿ ನೋಡೋಣ.

10 ಎಕರೆ ಅಂದರೆ ಸುಮಾರು 40,000 ಚದರ ಮೀಟರ್. ಅದನ್ನು 1 ಮೀಟರ್ ತಗ್ಗು ಮಾಡಿದರೆ 40,000 ಘನ ಮೀಟರ್ ನೀರು ಹಿಡಿಯುತ್ತದೆ. ಅಂದರೆ 4 ಕೋಟಿ ಲೀಟರ್, 10,000 ಲೀಟರ್ ಟ್ಯಾಂಕರಿನಲ್ಲಿ 4,000 ಲೋಡು. ಕೇಳೋಕೆ ದೊಡ್ಡದು ಅಲ್ವಾ? ಈಗ ಹೊಳೆಯಲ್ಲಿ ಸೆಕೆಂಡಿಗೆ 200 ಘನ ಮೀಟರ್ ಹರಿಯುತ್ತಿದೆ ಅಂತ ಇಟ್ಟುಕೊಳ್ಳಿ. ಆ ಗುಂಡಿ ತುಂಬೋಕೆ 200 ಸೆಕೆಂಡು ಸಾಕು. ಮೂರು ನಿಮಿಷ ಚಿಲ್ಲರೆ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಪಾರ್ಕ್ ಭರ್ತಿ.

ಹಾಗಾದರೆ ದಂಡವಾ? ಅಲ್ಲ. ಹಿತ್ತಲಬಾಗಿಲು ಅವರ ಮನೆಗೆ ಬಂದದ್ದು ಹೊಳೆ ನೀರು ಅಲ್ಲವೇ ಅಲ್ಲ, ಊರಿನ ನೀರು. ಹೊಳೆ ಏರಿದಾಗ ಚರಂಡಿಯ ಬಾಯಿ ನೀರಿನೊಳಗೆ ಮುಳುಗುತ್ತದೆ. ಊರಿನ ಮಳೆ ನೀರಿಗೆ ಹೋಗಲು ಜಾಗ ಇಲ್ಲ. ಹಿಂದಕ್ಕೆ ಒತ್ತುತ್ತದೆ, ಎಲ್ಲಿ ತಗ್ಗು ತೂತು ಇದೆಯೋ ಅಲ್ಲಿ ಉಕ್ಕುತ್ತದೆ. ಈ ನೀರಿನ ಲೆಕ್ಕ ಚಿಕ್ಕದು. ಒಂದು ಚದರ ಕಿಲೋಮೀಟರ್ ಊರಿನ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಒಟ್ಟು 10 ಕೋಟಿ ಲೀಟರ್. ಅದರಲ್ಲಿ 4 ಕೋಟಿಯನ್ನು ಪಾರ್ಕ್ ಹಿಡಿದಿಟ್ಟುಕೊಂಡು, ಹೊಳೆ ಇಳಿದ ಮೇಲೆ ನಿಧಾನವಾಗಿ ಬಿಟ್ಟರೆ ನಿಮ್ಮ ಬಚ್ಚಲು ಉಳಿಯುತ್ತದೆ.

ಅಂದರೆ ಪಾರ್ಕ್ ಇರಬೇಕಾದ್ದು ಚರಂಡಿಗೂ ಹೊಳೆಗೂ ನಡುವೆ. ನೀರು ಹೊಳೆಗೆ ಬೀಳುವ ಬಾಯಿಗೆ ಒಂದೇ ಕಡೆಗೆ ತೆರೆಯುವ ಕದ ಬೇಕು, ಬಾವಿ ಮೋಟಾರಿನ ಫುಟ್‌ವಾಲ್ವ್ ಇದ್ದ ಹಾಗೆ. ಹೊಳೆ ನೀರು ಒಳಗೆ ಬರಬಾರದು, ಊರ ನೀರು ಮಾತ್ರ ಹೊರಗೆ ಹೋಗಬೇಕು.

ಹಿತ್ತಲಬಾಗಿಲು:
ಅಬ್ಬಾ. ನಾಲ್ಕು ವರ್ಷದಿಂದ ಹೊಳೆಗೆ ಶಾಪ ಹಾಕಿಕೊಂಡು ಬಂದಿದ್ದೆ.

ಗೋಡೆ ಬೇಕೇ ಬೇಕು:
ಇಷ್ಟೆಲ್ಲ ಯಾಕೆ? ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಿ, ಸಾಬರಮತಿ ಥರ ನೀರು ನಿಲ್ಲಿಸಿ, ಮೇಲೆ ವಾಕಿಂಗ್ ಟ್ರ್ಯಾಕ್ ಮಾಡಿ. ಊರಿಗೂ ಒಂದು ಕಳೆ ಬರುತ್ತದೆ. ಅಹಮದಾಬಾದಿಗೆ ಹೋಗಿದ್ದೆ, ಕಣ್ಣಿಗೆ ಹಬ್ಬ.

ನೀರುಗಂಟಿ ಮೊಮ್ಮಗ:
ಸಾಬರಮತಿಯಲ್ಲಿ ನೀವು ನೋಡಿದ ನೀರು ನರ್ಮದಾ ಕಾಲುವೆಯಿಂದ ಬಿಟ್ಟದ್ದು. ನಮಗೆ ನರ್ಮದೆ ಎಲ್ಲಿಂದ ತರ್ತೀರಾ?

ಬಿಸಿಲೂರು:
ಪಶ್ಚಿಮ ಘಟ್ಟದಿಂದ ಎತ್ತಿನಹೊಳೆ ಯೋಜನೆಯ ನೀರು ಬರುತ್ತದೆ ತಡೀರಿ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆ ಆಗಿದೆ. ಅವತ್ತು ಹುಟ್ಟಿದ ಮಗು ಈಗ ಹೈಸ್ಕೂಲಿನ ಬಾಗಿಲಲ್ಲಿದೆ.

ಗೋಡೆ ಬೇಕೇ ಬೇಕು:
ವ್ಯಂಗ್ಯ ಸುಲಭ. ಗೋಡೆ ಇಲ್ಲದಿದ್ದರೆ ದಡ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇನು ಹೇಳ್ತೀರಾ?

ಲೆವೆಲ್ ಮಿಷನ್:
ಒಳ್ಳೆ ಪ್ರಶ್ನೆ. ಕೊಚ್ಚುವ ಕಡೆ ಕಲ್ಲು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಳೆ ತಿರುಗುವ ಹೊರ ಮಗ್ಗುಲಿಗೆ ತಂತಿ ಬಲೆಯಲ್ಲಿ ಕಲ್ಲು ತುಂಬಿ ಇಡಬಹುದು. ಉಳಿದ ಕಡೆ ಇಳಿಜಾರು ಮಾಡಿ ಲಾವಂಚ, ಲಕ್ಕಿ, ಹೊಂಗೆ, ಹೊಳೆಮತ್ತಿ ಹಾಕಿದರೆ ಬೇರು ಮಣ್ಣು ಹಿಡಿಯುತ್ತದೆ. ಎರಡೂ ಕಡೆ ನೆಟ್ಟಗೆ ಗೋಡೆ ಎಬ್ಬಿಸಿದರೆ ಹೊಳೆ ಕಿರಿದಾಗುತ್ತದೆ. ಅಷ್ಟೇ ನೀರು, ಕಡಿಮೆ ಅಗಲ. ಆಗ ಮಟ್ಟ ಏರುತ್ತದೆ, ವೇಗವೂ ಜಾಸ್ತಿ. ನಿಮ್ಮ ಬೀದಿ ಉಳಿಯಬಹುದು, ಕೆಳಗಿನ ಹಳ್ಳಿಯವನ ತೋಟ ಹೋಗುತ್ತದೆ. ಮತ್ತೆ ಆ ಗೋಡೆಯೇ ಊರಿನ ನೀರು ಹೊಳೆಗೆ ಇಳಿಯದ ಹಾಗೆ ತಡೆಯುತ್ತದೆ.

ಸಿಂಗಪುರದ ಬಿಷಾನ್ ಪಾರ್ಕಿನಲ್ಲಿ ಮಾಡಿದ್ದು ಇದರ ಉಲ್ಟಾ. ಕಲ್ಲಾಂಗ್ ನದಿ ಅಲ್ಲಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆ ಆಗಿತ್ತು. ಅದನ್ನು ಒಡೆದು, ಡೊಂಕು ಡೊಂಕಾಗಿ 3.2 ಕಿ.ಮೀ. ನದಿ ಮಾಡಿದರು. 2012ರಲ್ಲಿ ತೆರೆಯಿತು. ಸುಮಾರು 62 ಹೆಕ್ಟೇರ್ ಜಾಗ. ಮಳೆ ಇಲ್ಲದಾಗ ಮಕ್ಕಳು ನೀರಿಗೆ ಇಳಿದು ಆಡುತ್ತಾರೆ. ಮಳೆ ಬಂದರೆ ಸೈರನ್ ಕೂಗುತ್ತದೆ, ಎಲ್ಲರೂ ಮೇಲೆ ಹತ್ತಬೇಕು, ಹುಲ್ಲುಗಾವಲೇ ನದಿ ಆಗುತ್ತದೆ.

ಅರ್ಧ ಕಾಫಿ:
ಸೈರನ್ ಕೂಗಿದರೆ ನಮ್ಮ ಜನ ಮೇಲೆ ಹತ್ತುತ್ತಾರಾ? ಮೊಬೈಲ್ ಹಿಡಿದು ಕೆಳಗೆ ಇಳಿಯುತ್ತಾರೆ.

ಮಂಚೇನಹಳ್ಳಿ ಮಾವ:
ನಿಜ. ನಮ್ಮಕ್ಕನ ಮಗ ಸೇತುವೆ ಮೇಲಿಂದ ಸೆಲ್ಫಿ ತೆಗೆಯಲು ಹೋಗಿ ಫೋನನ್ನೇ ಪಿನಾಕಿನಿಗೆ ಅರ್ಪಿಸಿದ. ಬಾಗಿನ ಕೊಟ್ಟ ಹಾಗಾಯಿತು. ಇನ್ನೂ ಕಂತು ಕಟ್ಟುತ್ತಿದ್ದಾನೆ.

ಹಿಪ್ಪುನೇರಳೆ ತೋಟ:
ನಾನು ಒಂದು ಮಾತು ಕೇಳಲಾ? ಪಾರ್ಕ್ ಪಾರ್ಕ್ ಅಂತೀರಲ್ಲ, ಜಾಗ ಯಾರದು? ಹೊಳೆ ದಡದಲ್ಲಿ ನಮ್ಮದು ಒಂದೂವರೆ ಎಕರೆ ಇದೆ. ಹಿಪ್ಪುನೇರಳೆ, ಪಕ್ಕದಲ್ಲಿ ಹಸುವಿಗೆ ನೇಪಿಯರ್ ಹುಲ್ಲು. ಪಟ್ಟಾ ಜಮೀನು. ತಾತನ ಕಾಲದ್ದು. ನಿಮ್ಮ ಬಚ್ಚಲು ಉಳಿಸೋಕೆ ನನ್ನ ತೋಟ ಅಗೆಯಬೇಕಾ? ಪೇಟೆಯವರು ಬೆಳಿಗ್ಗೆ ಕೈ ಬೀಸಿಕೊಂಡು ನಡೆಯಲಿ ಅಂತ ನಾನು ರೇಷ್ಮೆ ಬಿಡಬೇಕಾ?

ಹಿತ್ತಲಬಾಗಿಲು:
ಅಣ್ಣ, ಬೇಜಾರು ಮಾಡಿಕೋಬೇಡಿ. ನಾನು ಸರ್ಕಾರಿ ಜಾಗ ಅಂದುಕೊಂಡೇ ಬರೆದದ್ದು.

ಹಿಪ್ಪುನೇರಳೆ ತೋಟ:
ಎಲ್ಲರೂ ಹಾಗೇ ಅಂದುಕೊಳ್ಳುವುದು. ಖಾಲಿ ಕಂಡಿದ್ದೆಲ್ಲ ಸರ್ಕಾರದ್ದು.

ಖರಾಬು ಕಥೆ:
ಇದಕ್ಕೆ ಜಗಳ ಬೇಡ, ನಕ್ಷೆ ನೋಡಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ದಡದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಗ್ರಾಮ ನಕ್ಷೆಯಲ್ಲಿ ಹೊಳೆ, ಹಳ್ಳ ಗುರುತು ಇರುತ್ತದೆ. ಬಿ ಖರಾಬು, ಅಂದರೆ ಹೊಳೆ, ದಾರಿ ಥರದ ಸಾಗುವಳಿಗೆ ಸೇರದ ಜಾಗ, ಸಾರ್ವಜನಿಕರದ್ದು. ಪಟ್ಟಾ ಜಮೀನಾದರೆ ಪರಿಹಾರ ಕೊಟ್ಟೇ ತಗೋಬೇಕು. ಆ್ಯಪ್ ದಾರಿ ತೋರಿಸುತ್ತದೆ ಅಷ್ಟೇ, ಕೊನೆ ಮಾತು ಸರ್ವೆಯರ್ ಸರಪಳಿಯದು.

ಆದರೆ ತೋಟದಣ್ಣನ ಮಾತಲ್ಲಿ ಇನ್ನೊಂದು ಇದೆ. ಅವರ ತೋಟ ಈಗಲೇ ಆ ಕೆಲಸ ಮಾಡುತ್ತಿದೆ. ಹೊಳೆ ಏರಿದರೆ ಮೊದಲು ಮುಳುಗುವುದು ಅದೇ ಅಲ್ವಾ?

ಹಿಪ್ಪುನೇರಳೆ ತೋಟ:
ಮುಳುಗಿತ್ತು. ಎರಡು ದಿನ ನೀರು ನಿಂತಿತ್ತು. ಗಿಡ ಬದುಕಿತು, ಸೊಪ್ಪು ಮಾತ್ರ ಮಣ್ಣು ಹಿಡಿದು ಹುಳಕ್ಕೆ ಹಾಕೋ ಹಾಗಿರಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಜಾಸ್ತಿ ಸೊಪ್ಪು ತಿನ್ನುವ ಹೊತ್ತು. ಬೇರೆ ಕಡೆ ಸೊಪ್ಪು ಕೇಳಿದರೆ ಮಳೆಯಲ್ಲಿ ಯಾರ ಹತ್ತಿರ ಇತ್ತು? ಕಣ್ಣೆದುರೇ ಹೋಯಿತು. ಒಬ್ಬರೂ ಬಂದು ಕೇಳಲಿಲ್ಲ.

ನೀರುಗಂಟಿ ಮೊಮ್ಮಗ:
ಇದಕ್ಕೇನು ಪಾರ್ಕ್ ಅಂತ ಹೆಸರಿಡಬೇಕಾಗಿಲ್ಲ. ತೋಟ ತೋಟವಾಗಿಯೇ ಇರಲಿ, ಮುಳುಗಿದ ವರ್ಷ ದುಡ್ಡು ಕೊಡಲಿ. ಲೇಔಟ್ ಆಗದೆ ತೋಟ ಉಳಿದರೆ ಊರಿಗೆ ಅದೇ ಲಾಭ.

ಗೋಡೆ ಬೇಕೇ ಬೇಕು:
ದುಡ್ಡು ಯಾರು ಕೊಡುತ್ತಾರೆ ಅಂತಲೂ ಹೇಳಿ.

ಲೆವೆಲ್ ಮಿಷನ್:
ನೆದರ್ಲೆಂಡ್ಸಿನಲ್ಲಿ 1993, 1995ರಲ್ಲಿ ನದಿಗಳು ಏರಿದ ಮೇಲೆ ಯೋಚನೆಯನ್ನೇ ಬದಲಿಸಿದರು. 1995ರಲ್ಲಿ ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಗಿತ್ತು. ಏರಿಯನ್ನು ಎತ್ತರ ಮಾಡುತ್ತಾ ಹೋಗುವುದು ಬಿಟ್ಟು, ನದಿಗೆ ಜಾಗ ಕೊಟ್ಟರು. ನೈಮೇಗನ್ ಊರಿನಲ್ಲಿ ಏರಿಯನ್ನೇ 350 ಮೀಟರ್ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿದರು. ನಡುವೆ ಉಳಿದ ದ್ವೀಪ ಈಗ ಪಾರ್ಕ್. ಹತ್ತಾರು ಮನೆ ಎತ್ತಬೇಕಾಯಿತು. ಅಲ್ಲೂ ಜನ ಸುಮ್ನೆ ಬಿಡಲಿಲ್ಲ, ವರ್ಷಗಟ್ಟಲೆ ಮಾತುಕತೆ ನಡೆಯಿತು.

ಬಿಸಿಲೂರು:
ನೆದರ್ಲೆಂಡ್ಸ್, ಸಿಂಗಪುರ. ಗೌರಿಬಿದನೂರು ಯಾವಾಗ ಈ ಪಟ್ಟಿಗೆ ಸೇರಿತು?

ಕೋಲಾರ ಕಡೆಯವ:
ಕೋಲಾರದಿಂದ ಒಂದು ಮಾತು. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ಬೋರ್‌ವೆಲ್‌ಗೆ ಜೀವ ಬಂತು, ಅದನ್ನು ಅಲ್ಲಗಳೆಯಲ್ಲ. ನೀರಿನ ಗುಣದ ಬಗ್ಗೆ ಜಗಳ ಬೇರೆ ಇದೆ, ಅದು ಇಲ್ಲಿ ಬೇಡ. ಆದರೆ ಕೆರೆ ಮೊದಲೇ ತುಂಬಿದ್ದರೆ ಮಳೆ ನೀರಿಗೆ ಜಾಗ ಎಲ್ಲಿ? ಒಣ ಕೆರೆ ಮೊದಲ ದೊಡ್ಡ ಮಳೆಯನ್ನು ಹಾಗೇ ನುಂಗಿಬಿಡುತ್ತದೆ. ತುಂಬಿದ ಕೆರೆ ಬಂದದ್ದನ್ನು ಬಂದ ಹಾಗೇ ಕೋಡಿಗೆ ಕಳಿಸುತ್ತದೆ. 2021ರಲ್ಲಿ ಕೋಡಿ ಕಾಲುವೆಗಳು ಮುಚ್ಚಿಹೋದ ಕಡೆಯೆಲ್ಲ ನೀರು ರಸ್ತೆಗೆ ಬಂತು, ರಾಗಿ ಹೊಲದಲ್ಲೇ ಮೊಳಕೆ ಬಂತು.

ನಿಮ್ಮ ಜಿಲ್ಲೆಗೂ ಹೀಗೇ ಬೆಂಗಳೂರಿನ ಎಚ್.ಎನ್. ವ್ಯಾಲಿ ನೀರು ಬರುತ್ತಿದೆಯಲ್ಲ. ಹೊಳೆಯ ಮೇಲ್ಭಾಗದ ಕೆರೆಗಳ ಕೋಡಿ ಮೊದಲು ನೋಡಿ. ದಡದಲ್ಲಿ 10 ಎಕರೆ ಪಾರ್ಕ್ ಮಾಡಿ ಮೇಲೆ ಕೆರೆ ಸಾಲು ಕೆಟ್ಟಿದ್ದರೆ ಉಪಯೋಗ ಇಲ್ಲ.

ಕಂದವಾರ ಪೇಟೆ:
ಚಿಕ್ಕಬಳ್ಳಾಪುರದಿಂದ ಸಹಿ ಹಾಕುತ್ತೇನೆ. ಕಂದವಾರ ಕೆರೆ ಕೋಡಿ ಬಿದ್ದಾಗ ಊರಿನೊಳಗೆ ಏನಾಯಿತು ಅಂತ ನಾವು ಮೊಣಕಾಲಿನ ಮಟ್ಟದಲ್ಲಿ ತಿಳಿದುಕೊಂಡೆವು.

ಕಲ್ಪತರು ನಾಡು:
ತುಮಕೂರಿನವನು. ನಮ್ಮ ಅಮಾನಿಕೆರೆ ಪಾರ್ಕ್ ನೋಡಿದ್ದೀರಾ? ಸಂಜೆ ಹೊತ್ತು ಚೆನ್ನಾಗಿರುತ್ತದೆ, ಚುರುಮುರಿ ಸಿಗುತ್ತದೆ. ಆದರೆ ಕೆರೆ ಪಕ್ಕದಲ್ಲಿ ಪಾರ್ಕ್ ಇದ್ದ ಮಾತ್ರಕ್ಕೆ ಬಡಾವಣೆಗೆ ನೀರು ನುಗ್ಗುವುದು ನಿಲ್ಲಲ್ಲ. ನಮ್ಮ ಬೀದಿಯ ರಾಜಕಾಲುವೆಗೆ ಒಬ್ಬ ಗುತ್ತಿಗೆದಾರ ಮೇಲೆ ಚಪ್ಪಡಿ ಹಾಕಿ ಮುಚ್ಚಿದ. ಹೂಳು ತೆಗೆಯಲು ಬಾಯಿಯನ್ನೇ ಬಿಟ್ಟಿಲ್ಲ. ಎರಡು ವರ್ಷ ಆದಮೇಲೆ ಚಪ್ಪಡಿ ಎತ್ತಿದರೆ ಒಳಗೆ ಏನಿತ್ತು ಗೊತ್ತಾ? ಎಳನೀರು ಬುರುಡೆ, ಒಂದು ಹಾಸಿಗೆ, ಒಂದು ಸ್ಕೂಟರ್ ಸೀಟು. ಸೀಟು ನಮ್ಮ ಎದುರು ಮನೆಯವರದು, ಗುರುತು ಹಿಡಿದರು.

ಅರ್ಧ ಕಾಫಿ:
ಸೀಟು ವಾಪಸ್ ತಗೊಂಡರಾ?

ಕಲ್ಪತರು ನಾಡು:
ತೊಳೆದು ಹಾಕಿಕೊಂಡರು ಮಾರಾಯ್ರೆ. ಈಗಲೂ ಓಡಾಡುತ್ತಿದೆ.

ಡೇರಿ ಸಾಲು:
ನಾನು ಮಹಿಳಾ ಸಂಘದವಳು. ನೀವೆಲ್ಲ ಗಂಡಸರು ಲೆಕ್ಕ ಹಾಕ್ತಿದ್ದೀರಿ, ನಾನು ವಾಸನೆ ಕೇಳ್ತೀನಿ. ಚರಂಡಿ ನೀರಲ್ಲಿ ಮಳೆ ನೀರೊಂದೇ ಇರುತ್ತಾ? ಕಕ್ಕಸು ನೀರೂ ಸೇರುತ್ತದೆ. ಅದನ್ನು 10 ಎಕರೆಯಲ್ಲಿ ನಿಲ್ಲಿಸಿದರೆ ಮಕ್ಕಳನ್ನು ಆಡಲು ಕಳಿಸ್ತೀರಾ? ಸೊಳ್ಳೆ ಕಥೆ ಏನು? ನಮ್ಮ ಬೀದಿಯಲ್ಲಿ ಹೋದ ವರ್ಷ ನಾಲ್ಕು ಮನೆಗೆ ಡೆಂಗಿ.

ಲೆವೆಲ್ ಮಿಷನ್:
ಅಕ್ಕ, ಇಡೀ ಚರ್ಚೆಯಲ್ಲಿ ಕೇಳಬೇಕಾದ್ದನ್ನು ನೀವು ಕೇಳಿದಿರಿ. ಒಳಚರಂಡಿ ಬೇರೆ, ಮಳೆ ಚರಂಡಿ ಬೇರೆ ಆಗುವವರೆಗೂ ಈ ಪಾರ್ಕಿಗೆ ಕೈ ಹಾಕಬಾರದು. ಅದು ಮೊದಲ ಕೆಲಸ. ಆಮೇಲೆ ಚರಂಡಿ ಪಾರ್ಕಿಗೆ ಸೇರುವ ಕಡೆ ಒಂದು ಕಬ್ಬಿಣದ ಜಾಲರಿ, ಅದರ ಮುಂದೆ ಹೂಳು ಕೂರುವ ಚಿಕ್ಕ ತೊಟ್ಟಿ. ಜೆಸಿಬಿ ಇಳಿಯಲು ದಾರಿ ಇರಬೇಕು, ಇಲ್ಲದಿದ್ದರೆ ಯಾರೂ ತೆಗೆಯಲ್ಲ. ನಂತರ ಜೊಂಡು ಬೆಳೆದ ಪಟ್ಟಿ, ಕೊನೆಗೆ ಆಟದ ಮೈದಾನ. ಚಿಕ್ಕ ಮಳೆಗೆ ಜೊಂಡು ಮಾತ್ರ ನೆನೆಯಬೇಕು. ದೊಡ್ಡ ಮಳೆಗೆ ಮಾತ್ರ ಮೈದಾನ.

ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಹೆಚ್ಚುಕಡಿಮೆ ಒಂದು ವಾರ ಬೇಕು. ನೀರು ಮೂರು ದಿನದಲ್ಲಿ ಖಾಲಿ ಆಗುವ ಹಾಗೆ ಇಳಿಜಾರು ಕೊಡಬೇಕು. ಎಲ್ಲೋ ಒಂದು ಕಡೆ ಅರ್ಧ ಅಡಿ ತಗ್ಗು ಉಳಿದರೆ ಅಲ್ಲೇ ಸೊಳ್ಳೆ ಸಂಸಾರ.

ಡೇರಿ ಸಾಲು:
ನೀರು ಇಳಿದ ಮೇಲೆ ಕೆಸರು ಬಳಿಯೋರು ಯಾರು? ಅದನ್ನೂ ಅರ್ಜಿಯಲ್ಲಿ ಬರೆಯಿರಿ. ಪಾರ್ಕ್ ಉದ್ಘಾಟನೆಗೆ ಟೇಪ್ ಕತ್ತರಿಸೋಕೆ ಹತ್ತು ಜನ ಬರುತ್ತಾರೆ, ಗುದ್ದಲಿ ಹಿಡಿಯೋಕೆ ಒಬ್ಬರೂ ಇರಲ್ಲ.

ಲೆವೆಲ್ ಮಿಷನ್:
ಅಮೆರಿಕದ ಹ್ಯೂಸ್ಟನ್‌ನಲ್ಲೂ ಇದೇ ಪಾಡು. ಬಫಲೋ ಬಯೂ ಪಾರ್ಕ್ ಅಂತ 160 ಎಕರೆಯದು, ಮುಳುಗಲಿ ಅಂತಲೇ ಕಟ್ಟಿದ್ದು. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಮುಳುಗಿತು, ದೀಪದ ಕಂಬ, ಸೇತುವೆ ಹೆಚ್ಚಾಗಿ ಉಳಿದವು. ಆದರೆ ರಾಶಿ ರಾಶಿ ಹೂಳು ತೆಗೆಯಬೇಕಾಯಿತು. ಅದಕ್ಕೇ ಮುಳುಗುವ ಜಾಗದಲ್ಲಿ ಟೈಲ್ಸ್, ಕಾರಂಜಿ, ಜಿಮ್ ಮಿಷನ್ ಬೇಡ ಅನ್ನುವುದು. ಕಲ್ಲು ಬೆಂಚು, ಮಣ್ಣಿನ ದಾರಿ, ಹುಲ್ಲು ಸಾಕು. ಪೈಪಿನಲ್ಲಿ ತೊಳೆದರೆ ಮುಗಿಯಿತು. ಕರೆಂಟಿನ ಪೆಟ್ಟಿಗೆ ಮಾತ್ರ ನೆರೆ ಮಟ್ಟಕ್ಕಿಂತ ಮೇಲೆ ಇರಲಿ.

ಗೋಡೆ ಬೇಕೇ ಬೇಕು:
ಜಿಮ್ ಇಲ್ಲ, ಕಾರಂಜಿ ಇಲ್ಲ. ಇದಕ್ಕೆ ಪಾರ್ಕ್ ಅಂತೀರಾ, ಗೋಮಾಳ ಅಂತೀರಾ?

ಮಂಚೇನಹಳ್ಳಿ ಮಾವ:
ಗೋಮಾಳವೇ ಆಗಲಿ ಬಿಡಪ್ಪ. ನಾನು ಚಿಕ್ಕವನಿದ್ದಾಗ ಹೊಳೆ ಮರಳಲ್ಲಿ ಕಬಡ್ಡಿ ಆಡುತ್ತಿದ್ದೆವು. ಬೇಸಿಗೆಯಲ್ಲಿ ಕೈಯಲ್ಲಿ ತೋಡಿದರೆ ಮೊಳಕೈ ಆಳಕ್ಕೆ ನೀರು. ಚಿಲುಮೆ ಅನ್ನುತ್ತಿದ್ದೆವು. ಅಜ್ಜಿ ಬಟ್ಟೆ ಒಗೆಯುತ್ತಿದ್ದದ್ದು ಅದರಲ್ಲೇ. ಆಮೇಲೆ ಲಾರಿಗಳು ಬಂದವು, ಮರಳು ಹೋಯಿತು, ಜಾಲಿ ಬಂತು. ಈಗ ಅಲ್ಲಿ ಬೋರ್ ಕೊರೆದರೆ ಸಾವಿರ ಅಡಿ ದಾಟಬೇಕು.

ಖರಾಬು ಕಥೆ:
ಮಾವ ಹೇಳಿದ್ದು ನೆರೆಗೂ ಸೇರಿದ್ದೇ. ಜಾಲಿ ತೆಗೆಯದಿದ್ದರೆ ಕಸ ಸಿಕ್ಕಿಕೊಂಡು ಸೇತುವೆ ಕಣ್ಣು ಕಟ್ಟುತ್ತದೆ. ಬೇರು ಸಮೇತ ತೆಗೆಯಬೇಕು, ಕತ್ತರಿಸಿ ಬಿಟ್ಟರೆ ಮತ್ತೆ ಚಿಗುರುತ್ತದೆ. ಸೌದೆಗೆ ಬೇಡಿಕೆ ಇದೆ, ಖರ್ಚು ಸ್ವಲ್ಪವಾದರೂ ಗಿಟ್ಟುತ್ತದೆ.

ಹಿತ್ತಲಬಾಗಿಲು:
ಎಲ್ಲರಿಗೂ ಥ್ಯಾಂಕ್ಸ್. ಕಾರಂಜಿ, ಜಿಮ್ ಹೊಡೆದುಹಾಕಿ ಅರ್ಜಿ ಹೊಸದಾಗಿ ಬರೆಯುತ್ತಿದ್ದೇನೆ. ಮೊದಲು ಒಳಚರಂಡಿ, ಆಮೇಲೆ ಚರಂಡಿ ಬಾಯಿಗೆ ಕದ, ಮೇಲಿನ ಕೆರೆಗಳ ಕೋಡಿ, ಸರ್ವೆ. ಪಾರ್ಕ್ ಕೊನೆಗೆ. ತೋಟದವರ ಪರಿಹಾರವನ್ನೂ ಸೇರಿಸಿದ್ದೇನೆ. @ಹಿಪ್ಪುನೇರಳೆ ತೋಟ ಅಣ್ಣ, ಕರಡು ಕಳಿಸುತ್ತೇನೆ, ಓದಿ ಹೇಳಿ.

ಹಿಪ್ಪುನೇರಳೆ ತೋಟ:
ಕಳಿಸಿ. ಸಹಿ ಹಾಕುತ್ತೇನೆ ಅಂತ ಹೇಳಿಲ್ಲ.

ಲೆವೆಲ್ ಮಿಷನ್:
ಅರ್ಜಿ ಜೊತೆ ಒಂದು ಕೆಲಸ ಮಾಡಿ. 2021ರಲ್ಲಿ ನೀರು ಯಾವ ಮನೆಗೆ ಎಷ್ಟು ಎತ್ತರ ಬಂತು ಅಂತ ಗುರುತು ಹಾಕಿ. ಗೋಡೆ ಮೇಲೆ ಕಲೆ ಉಳಿದಿದ್ದರೆ ಫೋಟೋ ತೆಗೆಯಿರಿ. ಇದಿಲ್ಲದೆ ಎಷ್ಟು ತಗ್ಗು ಅಗೆಯಬೇಕು ಅಂತ ಯಾವ ಎಂಜಿನಿಯರ್‌ಗೂ ಗೊತ್ತಾಗಲ್ಲ. ಭಾನುವಾರ ನಾನು ನೆಲದ ಎತ್ತರ ತಗ್ಗು ಅಳೆಯುವ ಲೆವೆಲ್ ಮಿಷನ್ ತರುತ್ತೇನೆ, ಹೆಸರಿಗೆ ತಕ್ಕ ಹಾಗೆ.

ಬಿಸಿಲೂರು:
ಗೋಡೆಗೆ ಬಣ್ಣ ಹೊಡೆಸಿಬಿಟ್ಟೆವಲ್ಲ. ನಮ್ಮ ಮನೇಲಿ ಸ್ವಿಚ್‌ಬೋರ್ಡಿಗಿಂತ ಎರಡು ಬೆರಳು ಕೆಳಗೆ ಇತ್ತು. ಅದು ಚೆನ್ನಾಗಿ ನೆನಪಿದೆ, ಯಾಕೆಂದರೆ ರಾತ್ರಿಯಿಡೀ ಅದನ್ನೇ ನೋಡುತ್ತಾ ಕೂತಿದ್ದೆ.

ಅರ್ಧ ಕಾಫಿ:
ಓಹೋ, ನದಿ ಎಲ್ಲಿದೆ ಅಂತ ಕೇಳಿದವರು ನೀವೇ ಅಲ್ವಾ?

ಬಿಸಿಲೂರು:
ಭಾನುವಾರ ಎಷ್ಟು ಗಂಟೆಗೆ ಹೇಳಿ.

ಡೇರಿ ಸಾಲು:
ಆರೂವರೆ ಮೇಲೆ ಬನ್ನಿ. ಅದಕ್ಕೆ ಮುಂಚೆ ಹಾಲು ಹಾಕಬೇಕು.